ಬರಿಗಾಲ ತಂಡದ ಎರಡು ಗೋಲುಗಳು

ಮಳೆಗಾಲ ಬಂತೆಂದರೆ ಗೌಡಗೆರೆ ಹೋಬಳಿಯ ಶಾಲೆಗಳಲ್ಲಿ ಕ್ರೀಡಾಕೂಟದ ಸಡಗರ. ಸುಣ್ಣದ ಪುಡಿಯಲ್ಲಿ ಗೆರೆ ಎಳೆದ ಅಂಗಳದಲ್ಲಿ ಕಬಡ್ಡಿ, ಖೊಖೊ, ವಾಲಿಬಾಲ್, ಓಟದ ಸ್ಪರ್ಧೆಗಳು. ಹೋಬಳಿಯಲ್ಲಿ ಗೆದ್ದವರು ಶಿರಾಕ್ಕೆ, ತಾಲ್ಲೂಕಿನಲ್ಲಿ ಗೆದ್ದವರು ಜಿಲ್ಲಾ ಮಟ್ಟಕ್ಕೆ ಹೋಗುತ್ತಾರೆ. ಮಧುಗಿರಿ, ಕೊರಟಗೆರೆ, ಪಾವಗಡಗಳಲ್ಲೂ ಇದೇ ಕ್ರಮ. ಕಬಡ್ಡಿ, ಖೊಖೊ ಅಂಗಳಕ್ಕೆ ಇಳಿಯುವ ಮಕ್ಕಳಲ್ಲಿ ಬರಿಗಾಲಿನವರೇ ಹೆಚ್ಚು. ಅದು ಯಾರಿಗೂ ಕೊರತೆಯಾಗಿ ಕಾಣುವುದಿಲ್ಲ.

ಈ ಸಾಲಿನಲ್ಲಿ ಫುಟ್‌ಬಾಲ್ ಮಾತ್ರ ಅಪರೂಪ. ನಮ್ಮ ಕಡೆಯ ಹುಡುಗರು ಫುಟ್‌ಬಾಲ್ ಕಂಡಿರುವುದು ಹೆಚ್ಚಾಗಿ ಟಿ.ವಿ.ಯಲ್ಲಿ. ಇಂಗ್ಲೆಂಡಿನ ದೊಡ್ಡ ಆಟಗಾರರ ಹೆಸರು ಕೇಳಿದರೆ ನಾಲ್ಕಾರು ಹೇಳಿಯಾರು. ಆದರೆ ಸ್ವತಂತ್ರ ಭಾರತಕ್ಕೆ ಒಲಿಂಪಿಕ್ಸ್‌ನಲ್ಲಿ ಮೊದಲ ಗೋಲು ಹೊಡೆದವರು ಯಾರು ಎಂದು ಕೇಳಿದರೆ ಹುಡುಗರಿರಲಿ, ಹಿರಿಯರೂ ತಡವರಿಸುತ್ತಾರೆ. ಆ ಗೋಲು ಹೊಡೆದವರು ಬೆಂಗಳೂರಿನ ಎಸ್. ರಾಮನ್. ವರ್ಷ 1948. ನಾಲ್ಕು ವರ್ಷಗಳ ನಂತರ ಮುಂದಿನ ಒಲಿಂಪಿಕ್ಸ್‌ನಲ್ಲಿ ಭಾರತ ಹೊಡೆದದ್ದು ಒಂದೇ ಗೋಲು. ಅದನ್ನು ಹೊಡೆದವರು ಅಹ್ಮದ್ ಖಾನ್. ಅವರೂ ಬೆಂಗಳೂರಿನವರೇ.

ಶಿರಾದಿಂದ ಸುಮಾರು 120 ಕಿಲೋಮೀಟರ್ ದೂರದ ಒಂದೇ ಊರಿನಿಂದ ಇಬ್ಬರು ಗೋಲುಗಾರರು ಬಂದದ್ದು ಆಕಸ್ಮಿಕವೇ? ಅಲ್ಲ. ಅದರ ಹಿಂದೆ ಒಂದು ಏಣಿ ಇತ್ತು. ಆ ಏಣಿ ಹೇಗಿತ್ತು, ಅದನ್ನು ಹತ್ತಿದವರು ಎಲ್ಲಿಗೆ ಹೋದರು, ಆಮೇಲೆ ಅದಕ್ಕೆ ಏನಾಯಿತು ಎಂಬುದನ್ನು ನೋಡೋಣ.

ದಂಡಿನ ಆಟ

ಬ್ರಿಟಿಷರು ಬೆಂಗಳೂರಿನಲ್ಲಿ ದಂಡು ಪ್ರದೇಶವನ್ನು ಸ್ಥಾಪಿಸಿದ್ದು 1809ರಲ್ಲಿ. ಹಳೆಯ ಪೇಟೆಯ ಪಕ್ಕದಲ್ಲೇ ಹುಟ್ಟಿದ ಈ ಹೊಸ ಊರಿಗೆ ಬೇರೆಯೇ ಆಡಳಿತವಿತ್ತು. 1947ರಲ್ಲಿ ಅದು ಮೈಸೂರು ಸಂಸ್ಥಾನಕ್ಕೆ ಮರಳಿತು. 1949ರಲ್ಲಿ ಪೇಟೆ ಮತ್ತು ದಂಡು ಒಂದೇ ನಗರಪಾಲಿಕೆಯಾದವು. ಸಿಪಾಯಿಗಳಿದ್ದ ಕಡೆ ಕವಾಯತು ಮೈದಾನಗಳಿದ್ದವು. ಸಂಜೆಯಾದರೆ ಅಲ್ಲಿ ಚೆಂಡು ಉರುಳುತ್ತಿತ್ತು. ಬ್ರಿಟಿಷ್ ರೆಜಿಮೆಂಟುಗಳ ಆಟವನ್ನು ಗೆರೆಯಾಚೆ ನಿಂತು ನೋಡುತ್ತಿದ್ದ ಹಲಸೂರು, ಶಿವಾಜಿನಗರ, ಆಸ್ಟಿನ್ ಟೌನ್, ಮರ್ಫಿ ಟೌನ್ ಕಡೆಯ ಹುಡುಗರು ಕ್ರಮೇಣ ತಾವೇ ಆಡತೊಡಗಿದರು. ಬೂಟು ಕೊಳ್ಳುವ ಶಕ್ತಿ ಇಲ್ಲದವರು ಬರಿಗಾಲಲ್ಲೇ ಆಡಿದರು.

ಈ ಕಲಿಕೆ ಎಷ್ಟು ಗಟ್ಟಿಯಾಗಿತ್ತು ಎಂಬುದಕ್ಕೆ 1937 ಸಾಕ್ಷಿ. ಮುಂಬಯಿಯ ರೋವರ್ಸ್ ಕಪ್ ಆಗ ದೇಶದ ಅತಿ ದೊಡ್ಡ ಟೂರ್ನಿಗಳಲ್ಲಿ ಒಂದು. 1891ರಲ್ಲಿ ಆರಂಭವಾದ ಆ ಕಪ್ ವರ್ಷ ವರ್ಷವೂ ಬ್ರಿಟಿಷ್ ಸೇನಾ ತಂಡಗಳ ಪಾಲಾಗುತ್ತಿತ್ತು. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಅದನ್ನು ಗೆದ್ದು, ಈ ಸಾಧನೆ ಮಾಡಿದ ಮೊದಲ ಭಾರತೀಯ ತಂಡ ಎನಿಸಿತು. ಮರುವರ್ಷ ಮತ್ತೆ ಗೆದ್ದಿತು.

ದಂಡು ಬಿಟ್ಟು ಹೋದ ಮೇಲೂ ಆಟ ನಿಲ್ಲಲಿಲ್ಲ. ರಾಜ್ಯ ತಂಡಗಳ ರಾಷ್ಟ್ರೀಯ ಚಾಂಪಿಯನ್‌ಷಿಪ್ ಆದ ಸಂತೋಷ್ ಟ್ರೋಫಿ ಆರಂಭವಾದದ್ದು 1941ರಲ್ಲಿ. ಮೈಸೂರು ತಂಡ ಅದನ್ನು 1946-47ರಲ್ಲಿ ಗೆದ್ದಿತು. ಬಂಗಾಳವೆಂದರೆ ಫುಟ್‌ಬಾಲ್, ಫುಟ್‌ಬಾಲ್ ಎಂದರೆ ಬಂಗಾಳ ಎಂಬ ಮಾತಿದ್ದ ಕಾಲದಲ್ಲಿ ಫೈನಲ್‌ನಲ್ಲಿ ಬಂಗಾಳವನ್ನೇ ಸೋಲಿಸಿತು. ಒಂದೂವರೆ ವರ್ಷದ ನಂತರ ಲಂಡನ್ ಒಲಿಂಪಿಕ್ಸ್‌ಗೆ ಭಾರತ ತಂಡವನ್ನು ಆರಿಸುವಾಗ ಬೆಂಗಳೂರಿನ ಆಟಗಾರರನ್ನು ಬಿಡುವಂತೆಯೇ ಇರಲಿಲ್ಲ. ರಾಮನ್, ಅಹ್ಮದ್ ಖಾನ್, ಧನರಾಜ್ ಮೊದಲಾದವರು ತಂಡಕ್ಕೆ ಸೇರಿದ್ದು ಹೀಗೆ.

ಮೊದಲ ಗೋಲು

1948ರ ಜುಲೈ 31. ಲಂಡನ್ನಿನ ಹೊರವಲಯದ ಇಲ್ಫರ್ಡ್‌ನಲ್ಲಿ ಕ್ರಿಕಲ್‌ಫೀಲ್ಡ್ ಮೈದಾನ. ಎದುರಾಳಿ ಫ್ರಾನ್ಸ್. ಭಾರತ ಸ್ವತಂತ್ರವಾಗಿ ಒಂದು ವರ್ಷವೂ ತುಂಬಿರಲಿಲ್ಲ. ಸ್ವತಂತ್ರ ದೇಶವಾಗಿ ಆಡಿದ ಮೊದಲ ಅಂತರರಾಷ್ಟ್ರೀಯ ಫುಟ್‌ಬಾಲ್ ಪಂದ್ಯ ಇದು. ನಾಯಕ ನಾಗಾ ಬೆಟ್ಟಗಳ ಡಾ. ತಾಲಿಮೆರೆನ್ ಆವೊ. ತಂಡದ ಹನ್ನೊಂದು ಜನರಲ್ಲಿ ಹೆಚ್ಚಿನವರ ಕಾಲಲ್ಲಿ ಬೂಟು ಇರಲಿಲ್ಲ. ಕೆಲವರು ಪಾದಕ್ಕೆ ಬಟ್ಟೆಯ ಪಟ್ಟಿ ಸುತ್ತಿಕೊಂಡಿದ್ದರು.

30ನೇ ನಿಮಿಷದಲ್ಲಿ ಫ್ರಾನ್ಸ್ ಮೊದಲ ಗೋಲು ಗಳಿಸಿತು. 70ನೇ ನಿಮಿಷದಲ್ಲಿ ರಾಮನ್ ಸಮ ಮಾಡಿದರು. ಪಂದ್ಯ ಭಾರತದ ಕೈಯಲ್ಲೇ ಇತ್ತೆನ್ನಬೇಕು, ಏಕೆಂದರೆ ಎರಡು ಪೆನಾಲ್ಟಿಗಳು ದೊರೆತಿದ್ದವು. ಸೈಲೇನ್ ಮನ್ನಾ ಮತ್ತು ಮಹಾಬೀರ್ ಪ್ರಸಾದ್ ಒಂದೊಂದನ್ನು ಹೊಡೆದರು, ಎರಡೂ ಗೋಲಾಗಲಿಲ್ಲ. ಆಟ ಮುಗಿಯಲು ಒಂದು ನಿಮಿಷವಿದ್ದಾಗ ಫ್ರಾನ್ಸ್ ಇನ್ನೊಂದು ಗೋಲು ಹೊಡೆದು 2-1ರಿಂದ ಗೆದ್ದಿತು. ಸೋತವರು ಮನೆಗೆ ಹೋಗಬೇಕಾದ ಟೂರ್ನಿ ಅದು. ಒಂದೇ ಪಂದ್ಯಕ್ಕೆ ಭಾರತದ ಒಲಿಂಪಿಕ್ಸ್ ಮುಗಿಯಿತು.

ಆದರೂ ಇಂಗ್ಲೆಂಡಿನ ಜನ ಈ ತಂಡವನ್ನು ಮೆಚ್ಚಿದರು. ಬರಿಗಾಲಿನವರು ಬೂಟಿನವರ ಎದುರು ಸರಿಸಮನಾಗಿ ಆಡಿದ್ದು ಅವರಿಗೆ ಸೋಜಿಗವೆನಿಸಿತ್ತು. ಚೆಂಡನ್ನು ಕಾಲಿಗೆ ಅಂಟಿಸಿಕೊಂಡಂತೆ ಎದುರಾಳಿಗಳ ನಡುವೆ ನುಸುಳುತ್ತಿದ್ದ ಅಹ್ಮದ್ ಖಾನ್ ಅವರಿಗೆ ಅಲ್ಲಿಂದ ‘ಹಾವಾಡಿಗ’ ಎಂಬ ಅಡ್ಡ ಹೆಸರು ಬಂತು.

ಬರಿಗಾಲಿನ ಲೆಕ್ಕ

ಇಲ್ಲೊಂದು ಮಾತನ್ನು ಬಿಡಿಸಿ ಹೇಳಬೇಕು. ಬರಿಗಾಲಲ್ಲಿ ಆಡುವುದು ಬರೀ ಬಡತನದ ಗುರುತಾಗಿರಲಿಲ್ಲ. ಅದೊಂದು ಆಟದ ರೀತಿಯೂ ಆಗಿತ್ತು. ಒಣಗಿದ ಗಟ್ಟಿ ನೆಲದಲ್ಲಿ ಬರಿಗಾಲಿಗೆ ಚೆಂಡಿನ ಸ್ಪರ್ಶ ಸಿಗುತ್ತದೆ. ಹೆಬ್ಬೆರಳ ತುದಿ, ಪಾದದ ಒಳಬದಿ, ಹೊರಬದಿ ಎಲ್ಲವೂ ಬೇರೆ ಬೇರೆ ಸಾಧನಗಳಾಗುತ್ತವೆ. ಕಾಲು ಹಗುರವಾಗಿರುವುದರಿಂದ ಥಟ್ಟನೆ ತಿರುಗಬಹುದು. 1911ರಲ್ಲಿ ಕಲ್ಕತ್ತೆಯ ಮೋಹನ್ ಬಾಗಾನ್ ತಂಡ ಈಸ್ಟ್ ಯಾರ್ಕ್‌ಷೈರ್ ರೆಜಿಮೆಂಟನ್ನು 2-1ರಿಂದ ಸೋಲಿಸಿ ಐ.ಎಫ್.ಎ. ಷೀಲ್ಡ್ ಗೆದ್ದಾಗ ಆ ತಂಡದಲ್ಲಿ ಬೂಟು ಹಾಕಿದ್ದವರು ಒಬ್ಬರೇ.

ಆದರೆ ಮಳೆ ಬಿದ್ದರೆ ಲೆಕ್ಕ ತಲೆಕೆಳಗಾಗುತ್ತದೆ. ಆಗಿನ ಚೆಂಡು ತೊಗಲಿನದು. ನೀರು ಕುಡಿದು ಭಾರವಾಗುತ್ತಿತ್ತು. ಬೂಟಿನ ಅಡಿಯ ಗುಬುಟುಗಳು ಒದ್ದೆ ಹುಲ್ಲನ್ನು ಕಚ್ಚಿ ಹಿಡಿಯುತ್ತವೆ; ಬರಿಗಾಲು ಜಾರುತ್ತದೆ. ಚಳಿಯಲ್ಲಿ ಬೆರಳುಗಳು ಮರಗಟ್ಟುತ್ತವೆ. ಬೆಂಗಳೂರಿನ ಕೆಮ್ಮಣ್ಣಿನಲ್ಲಿ ಬಲವಾಗಿದ್ದದ್ದು ಯುರೋಪಿನ ಹುಲ್ಲಿನಲ್ಲಿ ದೌರ್ಬಲ್ಯವಾಗುತ್ತಿತ್ತು.

ಪಂಚ ಪಾಂಡವರು

ಇಂದು ಗೋಲು ಹೊಡೆಯುವುದನ್ನೇ ಮುಖ್ಯ ಕಸುಬಾಗಿ ಉಳ್ಳ ಆಟಗಾರನನ್ನು ಸ್ಟ್ರೈಕರ್ ಎನ್ನುತ್ತಾರೆ. ಒಂದು ತಂಡಕ್ಕೆ ಅಂಥವರು ಒಬ್ಬರು, ಹೆಚ್ಚೆಂದರೆ ಇಬ್ಬರು. ಆಗ ಹಾಗಿರಲಿಲ್ಲ. ಹಿಂದೆ ಇಬ್ಬರು, ನಡುವೆ ಮೂವರು, ಮುಂದೆ ಐವರು ಫಾರ್ವರ್ಡ್‌ಗಳು ನಿಲ್ಲುತ್ತಿದ್ದರು. ಎರಡು ಅಂಚಿನಲ್ಲಿ ಇಬ್ಬರು, ನಟ್ಟನಡುವೆ ಸೆಂಟರ್ ಫಾರ್ವರ್ಡ್, ಅವನ ಎಡಬಲಕ್ಕೆ ‘ಇನ್‌ಸೈಡ್’ ಎನ್ನುವ ಇಬ್ಬರು. ಅಹ್ಮದ್ ಖಾನ್ ಎಡಗಡೆಯ ಇನ್‌ಸೈಡ್. ಹಿಂದಿನಿಂದ ಬಂದ ಚೆಂಡನ್ನು ತೆಗೆದುಕೊಂಡು, ಒಬ್ಬಿಬ್ಬರನ್ನು ವಂಚಿಸಿ, ಮುಂದಿನವನಿಗೆ ತಲುಪಿಸುವುದು ಅಥವಾ ತಾನೇ ಗೋಲಿನತ್ತ ಒದೆಯುವುದು ಈ ಜಾಗದ ಕೆಲಸ.

1926ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಅಹ್ಮದ್ ಖಾನ್ ಅವರದು ಫುಟ್‌ಬಾಲ್ ಮನೆತನ. ತಂದೆಗೂ ಆಟದ ಹುಚ್ಚು, ಅಣ್ಣತಮ್ಮಂದಿರೂ ಆಟಗಾರರೇ. ಬೆಂಗಳೂರಿನ ಕ್ಲಬ್ಬುಗಳಲ್ಲಿ ಆಡಿ ಹೆಸರಾದ ಅವರನ್ನು ಒಲಿಂಪಿಕ್ಸ್‌ನ ಮರುವರ್ಷ, 1949ರಲ್ಲಿ, ಕಲ್ಕತ್ತೆಯ ಈಸ್ಟ್ ಬೆಂಗಾಲ್ ಕ್ಲಬ್ ಕರೆಸಿಕೊಂಡಿತು. ಮುಂದಿನ ಹತ್ತು ವರ್ಷ ಅವರು ಅಲ್ಲೇ ಆಡಿದರು. ವೆಂಕಟೇಶ್, ಅಪ್ಪಾರಾವ್, ಧನರಾಜ್, ಅಹ್ಮದ್ ಖಾನ್, ಸಾಲೆ ಈ ಐವರು ಆ ಕ್ಲಬ್ಬಿನ ಮುಂಪಡೆ. ಅಪ್ಪಾರಾವ್ ಆಂಧ್ರದವರು, ಸಾಲೆ ಕೇರಳದವರು, ಧನರಾಜ್ ಬೆಂಗಳೂರಿನವರು. ದಕ್ಷಿಣದಿಂದ ಬಂದ ಈ ಐವರನ್ನು ಬಂಗಾಳಿಗಳು ಪ್ರೀತಿಯಿಂದ ‘ಪಂಚ ಪಾಂಡವರು’ ಎಂದು ಕರೆದರು. 1949ರಲ್ಲಿ ಈಸ್ಟ್ ಬೆಂಗಾಲ್ ಕಲ್ಕತ್ತಾ ಲೀಗ್, ಐ.ಎಫ್.ಎ. ಷೀಲ್ಡ್, ರೋವರ್ಸ್ ಕಪ್ ಮೂರನ್ನೂ ಗೆದ್ದಿತು. ಷೀಲ್ಡ್ 1949, 1950, 1951 ಹೀಗೆ ಸತತ ಮೂರು ವರ್ಷ ಅವರದೇ. 1951 ಮತ್ತು 1952ರಲ್ಲಿ ಡ್ಯುರಾಂಡ್ ಕಪ್ ಕೂಡ ಬಂತು. 1951ರಲ್ಲಿ ದೆಹಲಿಯಲ್ಲಿ ನಡೆದ ಮೊದಲ ಏಷ್ಯನ್ ಕ್ರೀಡಾಕೂಟದ ಫೈನಲ್‌ನಲ್ಲಿ ಇರಾನನ್ನು 1-0ರಿಂದ ಸೋಲಿಸಿ ಚಿನ್ನ ಗೆದ್ದ ಭಾರತ ತಂಡದಲ್ಲೂ ಅಹ್ಮದ್ ಖಾನ್ ಇದ್ದರು.

ಬೆಂಗಳೂರಿನ ಆಟಗಾರರು ಕಲ್ಕತ್ತೆಗೆ ಹೋದದ್ದೇಕೆ? ಅಲ್ಲಿ ಲೀಗ್ ದೊಡ್ಡದು, ನೋಡುವ ಜನ ಸಾವಿರಗಟ್ಟಲೆ. ಕಾಗದದ ಮೇಲೆ ಆಟಗಾರರೆಲ್ಲ ಹವ್ಯಾಸಿಗಳೇ ಆದರೂ ಒಳ್ಳೆಯ ಆಟಗಾರನ ಊಟ, ವಸತಿ, ಕೆಲಸದ ಚಿಂತೆಯನ್ನು ದೊಡ್ಡ ಕ್ಲಬ್ಬುಗಳು ಹೊರುತ್ತಿದ್ದವು. ಬೆಂಗಳೂರು ಬೆಳೆಸುತ್ತಿತ್ತು, ಕಲ್ಕತ್ತೆ ಕೊಯ್ಲು ಮಾಡುತ್ತಿತ್ತು.

ಆಡದ ವಿಶ್ವಕಪ್

1950ರ ವಿಶ್ವಕಪ್ ಬ್ರೆಜಿಲ್‌ನಲ್ಲಿ. ಅರ್ಹತಾ ಸುತ್ತಿನ ಎದುರಾಳಿಗಳು ಹಿಂದೆ ಸರಿದದ್ದರಿಂದ ಭಾರತಕ್ಕೆ ಆಡದೆಯೇ ಸ್ಥಾನ ಸಿಕ್ಕಿತ್ತು. ಇಟಲಿ, ಸ್ವೀಡನ್, ಪರಾಗ್ವೆಗಳಿದ್ದ ಗುಂಪು. ಭಾರತ ಹೋಗಲಿಲ್ಲ. ಬರಿಗಾಲಲ್ಲಿ ಆಡಲು ಬಿಡುವುದಿಲ್ಲ ಎಂದದ್ದೇ ಕಾರಣ ಎಂಬ ಕತೆ ಇಂದಿಗೂ ಎಲ್ಲ ಕಡೆ ಕೇಳಿಬರುತ್ತದೆ. ಕೇಳಲು ಸೊಗಸಾದ ಕತೆ. ನಿಜವಾದ ಕಾರಣ ಬೇರೆ. ಪ್ರಯಾಣ ದೂರ, ಅಭ್ಯಾಸಕ್ಕೆ ಸಮಯ ಕಡಿಮೆ. ಎಲ್ಲಕ್ಕಿಂತ ಹೆಚ್ಚಾಗಿ, ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿಗೆ ಒಲಿಂಪಿಕ್ಸ್ ಎದುರು ವಿಶ್ವಕಪ್ ದೊಡ್ಡದಾಗಿ ಕಾಣಲಿಲ್ಲ. ಬರಿಗಾಲಿನ ಮಾತು ಆಮೇಲೆ ಅಂಟಿಕೊಂಡದ್ದೆಂದು ಸೈಲೇನ್ ಮನ್ನಾ ಅವರೇ ತಮ್ಮ ಇಳಿವಯಸ್ಸಿನಲ್ಲಿ ಹೇಳಿದ್ದರು.

ಆಗ ಅಹ್ಮದ್ ಖಾನ್ ಅವರಿಗೆ 23 ವರ್ಷ. ಫಾರ್ವರ್ಡ್ ಆಟಗಾರನ ಕಾಲಿಗೆ ಅತ್ಯುತ್ತಮ ವಯಸ್ಸು. ಭಾರತದ ಪುರುಷರ ತಂಡ ವಿಶ್ವಕಪ್ಪಿನಲ್ಲಿ ಆಡುವ ಅವಕಾಶ ಮತ್ತೆ ಬಂದಿಲ್ಲ.

ಎರಡನೆಯ ಗೋಲು

1952ರ ಜುಲೈ 15, ಹೆಲ್ಸಿಂಕಿ ಒಲಿಂಪಿಕ್ಸ್. ಎದುರಾಳಿ ಯುಗೊಸ್ಲಾವಿಯ. ಹಿಂದಿನ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಗೆದ್ದಿದ್ದ ತಂಡ. ಈ ಸಲವೂ ಬೆಳ್ಳಿಯನ್ನೇ ಗೆಲ್ಲಲಿತ್ತು. ಫಿನ್ಲೆಂಡಿನ ತಣ್ಣನೆಯ ಹವೆ. ನಮ್ಮವರಲ್ಲಿ ಹಲವರು ಆಗಲೂ ಬರಿಗಾಲಲ್ಲೇ ಇಳಿದರು. ಫಲಿತಾಂಶ 10-1. ಹತ್ತು ಗೋಲುಗಳ ಎದುರಿನ ಆ ಒಂದು, ಆಟ ಇನ್ನೇನು ಮುಗಿಯಬೇಕೆನ್ನುವಾಗ ಅಹ್ಮದ್ ಖಾನ್ ಹೊಡೆದದ್ದು.

ಈ ಸೋಲಿನ ನಂತರ ಫೆಡರೇಷನ್ ಬೂಟನ್ನು ಕಡ್ಡಾಯ ಮಾಡಿತು. ಬರಿಗಾಲಿನ ಯುಗ ಅಲ್ಲಿಗೆ ಮುಗಿಯಿತು. ಬೂಟು ಹಾಕಿದ ಮೇಲೆ ಭಾರತ ಕುಸಿಯಿತೇ? ಇಲ್ಲ, ಮೇಲೇರಿತು. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ, 1962ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಮತ್ತೆ ಚಿನ್ನ. ಮೆಲ್ಬರ್ನ್ ತಂಡದಲ್ಲಿ ಮೈಸೂರಿನ ಕೆಂಪಯ್ಯ, ಜಕಾರ್ತಾ ತಂಡದಲ್ಲಿ ಬೆಂಗಳೂರಿನ ಅರುಮೈನಾಯಗಂ ಇದ್ದರು. ಅಂದರೆ ಕಾಲಿಗೆ ಏನು ತೊಟ್ಟಿದ್ದಾರೆ ಎಂಬುದು ಕೊನೆಗೂ ದೊಡ್ಡ ಪ್ರಶ್ನೆಯಾಗಿರಲಿಲ್ಲ.

ಇಂಗ್ಲೆಂಡಿನ ಒಬ್ಬ ಗೋಲುಗಾರ

ಹಾಗಾದರೆ ದೊಡ್ಡ ಪ್ರಶ್ನೆ ಯಾವುದು? ಅದೇ ಕಾಲದ ಇಂಗ್ಲೆಂಡಿನ ಒಬ್ಬ ಆಟಗಾರನನ್ನು ಪಕ್ಕದಲ್ಲಿಟ್ಟು ನೋಡಿದರೆ ತಿಳಿಯುತ್ತದೆ. ಜಾಕಿ ಮಿಲ್ಬರ್ನ್ ಹುಟ್ಟಿದ್ದು 1924ರಲ್ಲಿ, ಅಹ್ಮದ್ ಖಾನ್‌ಗಿಂತ ಎರಡು ವರ್ಷ ಮೊದಲು. ಊರು ಆಶಿಂಗ್ಟನ್, ಕಲ್ಲಿದ್ದಲು ಗಣಿಯ ಊರು. ಅವರೂ ಬಡವರೇ; ಗಣಿಯಲ್ಲಿ ದುಡಿದವರೇ. ಆದರೆ ಗಣಿಯ ಊರಿನಿಂದ ಪಕ್ಕದ ನ್ಯೂಕಾಸಲ್ ಕ್ಲಬ್ಬಿಗೆ ದಾರಿಯಿತ್ತು. ಆ ಕ್ಲಬ್ ಆಡುವ ಲೀಗ್ 1888ರಲ್ಲೇ ಆರಂಭವಾಗಿತ್ತು. ಸಂಬಳ ಹೆಚ್ಚೇನಲ್ಲ, ಆಟಗಾರರ ವಾರದ ಕೂಲಿಗೆ ಇಂಗ್ಲೆಂಡಿನಲ್ಲಿ 1961ರ ತನಕ ಮಿತಿ ಇತ್ತು, ಅದನ್ನು ತೆಗೆಯುವಾಗ ಮಿತಿ 20 ಪೌಂಡು. ಆದರೂ ಅದು ಆಟಕ್ಕಾಗಿಯೇ ಕೊಡುವ ಕೂಲಿ.

ನ್ಯೂಕಾಸಲ್ ಪರ ಮಿಲ್ಬರ್ನ್ 200 ಗೋಲು ಹೊಡೆದರು. 1951, 1952, 1955ರಲ್ಲಿ ಎಫ್.ಎ. ಕಪ್ ಗೆದ್ದ ತಂಡದಲ್ಲಿದ್ದರು. 1951ರ ಫೈನಲ್‌ನ ಎರಡೂ ಗೋಲು ಅವರದೇ. ಆ 200ರ ದಾಖಲೆಯನ್ನು ಮುರಿಯಲು ಅದೇ ಊರಿನ ಇನ್ನೊಬ್ಬ ಹುಡುಗ ಅಲನ್ ಷಿಯರರ್ ಬರಬೇಕಾಯಿತು, ಅದೂ 2006ರಲ್ಲಿ. ಷಿಯರರ್ 206ಕ್ಕೆ ನಿಲ್ಲಿಸಿದರು. ನ್ಯೂಕಾಸಲ್‌ನಲ್ಲಿ ಇಬ್ಬರಿಗೂ ಪ್ರತಿಮೆಗಳಿವೆ. ಮೈದಾನದ ಒಂದು ಗ್ಯಾಲರಿಗೆ ಮಿಲ್ಬರ್ನ್ ಹೆಸರಿದೆ. ಅಲ್ಲಿ ಫುಟ್‌ಬಾಲ್ ಕಲಿಯುವ ಹುಡುಗನಿಗೆ ಮುಟ್ಟಬೇಕಾದ ಅಂಕಿ ಕಣ್ಣೆದುರು ಇರುತ್ತದೆ. ಒಬ್ಬನು ಏರಿದ ಮೆಟ್ಟಿಲ ಮೇಲೆ ಮುಂದಿನವನು ಕಾಲಿಡುತ್ತಾನೆ.

ನಮ್ಮ ರಾಮನ್ ಹೆಸರು ಉಳಿದಿರುವುದು ಒಂದು ಗೋಲಿನಿಂದ. ಅದು ಒಲಿಂಪಿಕ್ಸ್‌ನಲ್ಲಿ ಬಿದ್ದದ್ದರಿಂದ ಉಳಿಯಿತು. ಬೆಂಗಳೂರಿನ ಮೈದಾನಗಳಲ್ಲಿ ಸಂಜೆ ಸಂಜೆ ಬಿದ್ದ ಗೋಲುಗಳು ನೋಡಿದವರ ನೆನಪಿನೊಂದಿಗೇ ಹೋದವು.

ಏಣಿ ಎಲ್ಲಿ ಮುರಿಯಿತು

ಬೆಂಗಳೂರಿನ ಏಣಿ ಒಮ್ಮೆಲೇ ಮುರಿಯಲಿಲ್ಲ. ದಂಡು ಹೋದ ಮೇಲೆ ಕಾರ್ಖಾನೆಗಳು ಅದನ್ನು ಹಿಡಿದು ನಿಲ್ಲಿಸಿದವು. 1940ರಲ್ಲಿ ಸ್ಥಾಪನೆಯಾದ ಎಚ್.ಎ.ಎಲ್., 1948ರ ಐ.ಟಿ.ಐ. ಮೊದಲಾದ ಸಾರ್ವಜನಿಕ ಉದ್ಯಮಗಳು ಆಟಗಾರರಿಗೆ ಕೆಲಸ ಕೊಟ್ಟು ತಂಡಗಳನ್ನು ಕಟ್ಟಿದವು. ಬೆಳಿಗ್ಗೆ ಕಾರ್ಖಾನೆ, ಸಂಜೆ ಮೈದಾನ. ಓದು ಹೆಚ್ಚಿಲ್ಲದ ಹುಡುಗನಿಗೂ ಚೆನ್ನಾಗಿ ಆಡಿದರೆ ಪಿಂಚಣಿಯ ನೌಕರಿ ಸಿಗುತ್ತದೆ ಎಂಬ ಭರವಸೆ ತಾಯಿತಂದೆಗಳಿಗಿತ್ತು. ಮೈಸೂರು ರಾಜ್ಯ 1952-53ರಲ್ಲಿ, ಮತ್ತೆ 1967-68, 1968-69ರಲ್ಲಿ ಸಂತೋಷ್ ಟ್ರೋಫಿ ಗೆದ್ದದ್ದು ಇಂಥ ದಿನಗಳಲ್ಲಿ.

ಆಮೇಲೆ ಕಾರ್ಖಾನೆಗಳಲ್ಲಿ ನೇಮಕ ಇಳಿಯಿತು. ಊರು ಬೆಳೆದು ಬಯಲುಗಳ ಮೇಲೆ ಕಟ್ಟಡಗಳೆದ್ದವು. 1983ರಲ್ಲಿ ಭಾರತ ಕ್ರಿಕೆಟ್ ವಿಶ್ವಕಪ್ ಗೆದ್ದ ಮೇಲೆ ಉಳಿದ ಮೈದಾನಗಳಲ್ಲೂ ಮೂರು ಕಡ್ಡಿಗಳು ಊರಿಕೊಂಡವು. ರಾಜ್ಯಕ್ಕೆ ಮತ್ತೆ ಸಂತೋಷ್ ಟ್ರೋಫಿ ದೊರೆಯಲು 54 ವರ್ಷ ಹಿಡಿಯಿತು. 2023ರ ಮಾರ್ಚ್ 4ರಂದು ಸೌದಿ ಅರೇಬಿಯದ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕ ಅದನ್ನು ಗೆದ್ದಿತು. ‘ಕರ್ನಾಟಕ’ ಎಂಬ ಹೆಸರಿನಲ್ಲಿ ಇದೇ ಮೊದಲ ಗೆಲುವು. ಹಿಂದಿನ ನಾಲ್ಕೂ ‘ಮೈಸೂರು’ ಹೆಸರಿನವು.

ಅಹ್ಮದ್ ಖಾನ್ ಈ ಗೆಲುವನ್ನು ನೋಡಲಿಲ್ಲ. 2017ರ ಆಗಸ್ಟ್‌ನಲ್ಲಿ, 90ನೆಯ ವಯಸ್ಸಿನಲ್ಲಿ, ಬೆಂಗಳೂರಿನಲ್ಲೇ ತೀರಿಕೊಂಡರು. ಆದರೆ ಕಾಲದ ಒಂದು ತಿರುವನ್ನು ಅವರು ಕಂಡಿದ್ದರು. 2013ರಲ್ಲಿ ಬೆಂಗಳೂರು ಎಫ್.ಸಿ. ಕ್ಲಬ್ ಹುಟ್ಟಿ, ಮೊದಲ ವರ್ಷವೇ ಐ-ಲೀಗ್ ಗೆದ್ದಿತು. ದೇಶದ ಪರ ಅತಿ ಹೆಚ್ಚು ಗೋಲು ಹೊಡೆದ ಸುನಿಲ್ ಛೇತ್ರಿ ಅದರ ನಾಯಕರಾಗಿದ್ದರು. ಛೇತ್ರಿ ತಮ್ಮ ವೃತ್ತಿ ಆರಂಭಿಸಿದ್ದು ಕೋಲ್ಕತ್ತದಲ್ಲಿ, 2002ರಲ್ಲಿ. ಹಿಂದೆ ಬೆಂಗಳೂರಿನ ಗೋಲುಗಾರ ರೈಲು ಹತ್ತಿ ಕಲ್ಕತ್ತೆಗೆ ಹೋಗುತ್ತಿದ್ದ. ಈಗ ಅಲ್ಲಿಂದ ಆಟ ಆರಂಭಿಸಿದವರು ಬೆಂಗಳೂರಿಗೆ ಬಂದು ನೆಲೆ ನಿಂತರು. ಹಲಸೂರಿನ ಗೌತಮಪುರದಲ್ಲಿ ಬ್ರೆಜಿಲ್‌ನ ಪೆಲೆಯ ಪ್ರತಿಮೆ ಇದೆ. ಆ ಬೀದಿಗಳಲ್ಲಿ ಫುಟ್‌ಬಾಲ್ ಇನ್ನೂ ಮನೆಮಾತು.

ಇಷ್ಟೆಲ್ಲ ಬೆಂಗಳೂರಿನ ಮಾತಾಯಿತು. ಗೌಡಗೆರೆಯವರಿಗೆ ಇದರಿಂದ ಏನು? ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಹುಡುಗ ಹುಡುಗಿಯರು ಕಬಡ್ಡಿ, ಖೊಖೊಗಳಲ್ಲಿ ಮೇಲೆ ಬರುವುದು ಅವರ ಕಾಲು ಮಾತ್ರ ಗಟ್ಟಿ ಇರುವುದರಿಂದಲ್ಲ. ಹೋಬಳಿ, ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಎಂದು ಒಂದರ ಮೇಲೊಂದು ಮೆಟ್ಟಿಲು ಇರುವುದರಿಂದ. ದಂಡಿನ ಬೀದಿಯ ಹುಡುಗನನ್ನು ಲಂಡನ್ ಮುಟ್ಟಿಸಿದ್ದೂ ಅಂಥ ಮೆಟ್ಟಿಲುಗಳೇ: ಬೀದಿಯ ಆಟ, ಕ್ಲಬ್, ಲೀಗ್, ರಾಜ್ಯ ತಂಡ. ಬರಿಗಾಲು ಅವನನ್ನು ತಡೆಯಲಿಲ್ಲ.

ಬೂಟಿಲ್ಲದೆ ಒಲಿಂಪಿಕ್ಸ್‌ಗೆ ಹೋದವರಿದ್ದಾರೆ. ಮೆಟ್ಟಿಲಿಲ್ಲದೆ ಹೋದವರಿಲ್ಲ. ನಮ್ಮ ಶಾಲೆಯ ಅಂಗಳದಲ್ಲಿ ಮುಂದಿನ ಮಳೆಗಾಲಕ್ಕೆ ಸುಣ್ಣದ ಗೆರೆ ಎಳೆಯುವಾಗ, ಎರಡು ಗೋಲುಕಂಬಗಳಿಗೂ ಒಂದಿಷ್ಟು ಜಾಗ ಬಿಟ್ಟರೆ ಮೊದಲ ಮೆಟ್ಟಿಲು ಹಾಕಿದಂತಾದೀತು.